ಎಳೆ ಕಡಿದಾಗ ಕೂಗುವ ಪ್ರೋಟೀನು

ಭಾನುವಾರ, ಜುಲೈ 13. ದೊಡ್ಡಬಳ್ಳಾಪುರ.

ನನ್ನ ಮಗ ನಂದನ್‌ಗೂ ತಂಗಿ ಗಂಗಲಕ್ಷ್ಮಿಯ ಮಗಳು ಅರ್ಪಿತಳಿಗೂ ಮದುವೆ ಬೇಡವೆಂದು ಇವತ್ತು ತಂಗಿಗೆ ಹೇಳಬೇಕಾಯಿತು. ರಕ್ತಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ದೋಷ ಬಂದಿದೆ.

ಅವಳು ಮಗ್ಗ ನಿಲ್ಲಿಸಿ ಬಂದು ಕೂತಳು. ನಾಟಕದವನಲ್ಲವೇ, ಪರದೆ ಸರಿದ ಹಾಗೆ ನಾನು ಜೋರಾಗಿಯೇ ಶುರುಮಾಡಿದೆ. ಜೀವಕೋಶದ ನಡುಮನೆ ನ್ಯೂಕ್ಲಿಯಸ್ಸು. ಅಲ್ಲಿ ಎಟಿಎಂ ಎಂಬ ಭಾರಿ ಪ್ರೋಟೀನು, ಯೀಸ್ಟಿನಂಥ ಒಂಟಿಕೋಶದ ಜೀವಿಗಳ ಕಾಲದಿಂದ ಹೆಚ್ಚು ಬದಲಾಗದೆ ಉಳಿದದ್ದು, ಜೋಡಿಯಾಗಿ ತಬ್ಬಿಕೊಂಡು ತೆಪ್ಪಗಿರುತ್ತದೆ. ಡಿಎನ್‌ಎ ಎಳೆ ಕಡಿದ ಕೂಡಲೇ ಜೋಡಿ ಬಿಡಿಸಿಕೊಂಡು ಎದ್ದು, ಕೋಶದ ಕೆಲಸ ನಿಲ್ಲಿಸಿ, ರಿಪೇರಿಯವರನ್ನು ಕೂಗುತ್ತದೆ.

"ಅಣ್ಣ, ಸ್ಟೇಜ್ ಗಂಟಲು ಬೇಡ. ಹುಟ್ಟೋ ಮಗೂಗೆ ಏನಾಗತ್ತೆ, ಅದು ಹೇಳು."

ಅದರ ಜೀನು ಅಪ್ಪನಿಂದೊಂದು, ಅಮ್ಮನಿಂದೊಂದು ಬರುತ್ತದೆ. ಒಂದು ಸರಿಯಿದ್ದರೆ ಸಾಕು; ನಂದನ್‌ಗೂ ಅರ್ಪಿತಳಿಗೂ ಒಂದೊಂದೇ ಕೆಟ್ಟಿರುವುದರಿಂದ ಅವರಿಗೇನೂ ಆಗಿಲ್ಲ. ಎರಡೂ ಕೆಟ್ಟದ್ದೇ ಬಂದರೆ, ನಮ್ಮ ಸೋದರಮಾವನ ಮೊಮ್ಮಗನ ಹಾಗೆ, ಮಗು ನಡಿಗೆ ತಪ್ಪಿ ಗಾಲಿಕುರ್ಚಿ ಹಿಡಿಯುತ್ತದೆ.

ಅವಳು ಸೆರಗಿನ ಅಂಚು ಮಡಿಸುತ್ತ ಕೇಳಿದಳು.

"ಮಾವನ ಮನೇಲೂ ಇದೆ ಅಂದ್ರೆ, ಅಮ್ಮನ ಕಡೆಯಿಂದ ಬಂದಿದ್ದಾ ಇದು?"

"ಇರಬೇಕು ಕಣೇ."

"ಅಮ್ಮಂಗೆ ಹೇಳ್ಬೇಡ. ಕೊರಗಿ ಸತ್ತೋಗ್ತಾಳೆ. ಗಂಗಂಗೆ ಇಷ್ಟ ಇಲ್ವಂತೆ ಅಂದ್ಬಿಡು."

ಈ ಸಂಬಂಧ ಬೇಕೇಬೇಕೆಂದು ವರ್ಷಗಟ್ಟಲೆ ಹಟ ಹಿಡಿದಿದ್ದವಳು ಗಂಗಲಕ್ಷ್ಮಿಯೇ. ನಾಳೆ ಬೆಳಿಗ್ಗೆ ಈ ಸುಳ್ಳು ಕೇಳಿ ಅಮ್ಮ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ನಾನು ಸುಮ್ಮನೆ ಕೇಳುತ್ತ ಕೂರಬೇಕು, ಇಲ್ಲವೇ ಇದು ನಿನ್ನ ಕಡೆಯಿಂದಲೇ ಬಂದದ್ದು ಎಂದು ಅಮ್ಮನಿಗೆ ಹೇಳಬೇಕು.