ಇನ್ನೂರು ಹಸಿರು ಚೀಟಿ, ಒಬ್ಬ ಸಲಹೆಗಾರ

ಕಂಪನಿ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳೇ,

ಐದು ವರ್ಷ ನಾನು ಯಾವ ಕಂಪನಿಗೂ ನಿರ್ದೇಶಕನಾಗಕೂಡದೆಂಬ ತಮ್ಮ ಆದೇಶ ತಲುಪಿತು. ಇಷ್ಟು ದಪ್ಪ ಕಾಗದದಲ್ಲಿ ನನ್ನನ್ನು ಇದುವರೆಗೆ ಯಾರೂ ಬೈದಿರಲಿಲ್ಲ. ಶಿಕ್ಷೆ ಒಪ್ಪಿದೆ. ತಕರಾರು ಒಂದೇ: ವಂಚಿಸಿದವನನ್ನು ತಾವು ಮುಟ್ಟಿಯೇ ಇಲ್ಲ.

ನಾನು ಅಲ್ಯೂಮಿನಿಯಂ ಏಣಿ ಕಾರ್ಖಾನೆಯ ಪರೀಕ್ಷಕ. ಮರಳುಮೂಟೆ ಹೊತ್ತು ಪ್ರತಿ ಏಣಿಯನ್ನೂ ಹತ್ತುವುದು, ತುದಿಯ ಮೆಟ್ಟಿಲಲ್ಲಿ ಮೂರು ಸಲ ಕುಪ್ಪಳಿಸುವುದು, ನಾನು ಬೀಳದಿದ್ದರೆ ಸಹಿ ಹಾಕಿದ ಹಸಿರು ಚೀಟಿ ಕಟ್ಟುವುದು. ಹದಿನೆಂಟು ವರ್ಷದ ಈ ಕುಪ್ಪಳಿಕೆಯನ್ನು ಮೆಚ್ಚಿ ಮಾಲೀಕ, ಅಂದರೆ ನನ್ನ ತಂಗಿಯ ಗಂಡ, ಒಂದು ದಿನ ಕಾಗದ ಮುಂದಿಟ್ಟ.

"ಭಾವ, ಇನ್ಮೇಲೆ ನೀವೇ ಡೈರೆಕ್ಟರು. ನಾನು ಬರೀ ಸಲಹೆಗಾರ."

"ಡೈರೆಕ್ಟರು ಏನ್ ಮಾಡ್ಬೇಕಪ್ಪಾ?"

"ಏನೂ ಮಾಡ್ಬಾರ್ದು. ಅದೇ ಅದರ ಗತ್ತು."

ಸಹಿ ಹಾಕಿದೆ. ತಿರುಗುವ ಕುರ್ಚಿಯೊಂದು ಬಂತು. ಅಭ್ಯಾಸಬಲ, ಅದರ ಮೇಲೂ ಕುಪ್ಪಳಿಸಿ ನೋಡಿದೆ.

ಆಮೇಲೆ ನನ್ನ ಕಣ್ಣಿನ ಆಪರೇಷನ್ನು. "ಚೀಟಿಗಳಿಗೆ ಈಗ್ಲೇ ಸಹಿ ಹಾಕ್ಬಿಡಿ ಭಾವ, ಆಮೇಲೆ ಕಣ್ಣಿಗೆ ಶ್ರಮ ಬೇಡ. ಬಂದು ಕುಪ್ಪಳಿಸಿದ್ರೆ ಸಾಕು. ಅಲ್ಲೀವರೆಗೂ ಒಂದೇಣೀನೂ ಆಚೆ ಹೋಗಲ್ಲ, ನಿಮ್ಮ ತಂಗಿ ಆಣೆ." ಇನ್ನೂರು ಚೀಟಿಗೆ ಸಹಿ ಹಾಕಿದೆ. ಬ್ಯಾಂಡೇಜು ಬಿಚ್ಚುವಷ್ಟರಲ್ಲಿ ಇನ್ನೂರು ಏಣಿಯೂ ಮಾರಾಟವಾಗಿ, ಒಂದರಿಂದ ಗೋಡೆಗೆ ಬಣ್ಣ ಬಳಿಯುವವನೊಬ್ಬ ಬಿದ್ದು ಸೊಂಟ ಮುರಿದುಕೊಂಡಿದ್ದ. ಆಸ್ಪತ್ರೆಗೆ ಓಡಿದೆ. ಅವನು ದಿಂಬಿನಡಿಯಿಂದ ಚೀಟಿ ತೆಗೆದು, "ಇದನ್ನ ನೋಡೇ ಹತ್ತಿದ್ದು ಯಜಮಾನ್ರೇ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದಲೇ ಶಿಕ್ಷೆ ಒಪ್ಪಿದೆ ಎಂದೆ. ಆದರೆ ತಮ್ಮ ವಿಚಾರಣೆಯಲ್ಲಿ ತಂಗಿಯ ಗಂಡ ನನ್ನ ಪಕ್ಕದಲ್ಲೇ ಕೂತು, "ಭಾವ ದೊಡ್ಡವರು, ಅವರ ಮಾತಿಗೆ ನಾನು ಎದುರಾಡಲ್ಲ" ಎಂದು ಕಣ್ಣೊರೆಸಿಕೊಂಡನಲ್ಲ, ಅದನ್ನೂ ತಾವು ನಂಬಿ ಬರೆದುಕೊಂಡಿರಾ? 'ಸಲಹೆಗಾರ' ಎಂಬ ಐದಕ್ಷರದ ಹಿಂದೆ ಅಂಥ ಆಜಾನುಬಾಹು ಅಡಗಿದ್ದು ಕಾಣಲಿಲ್ಲವೇ? ಆಪರೇಷನ್ನು ಆದದ್ದು ನನ್ನ ಕಣ್ಣಿಗಲ್ಲವೇ, ಮಾನ್ಯರೇ?

ಈಗ ಅವನದು ಹೊಸ ಕಂಪನಿ. ಏಣಿ ಅವೇ, ಬೋರ್ಡು ಬೇರೆ. ಅವನು ಮತ್ತೆ ಸಲಹೆಗಾರ. ನಿರ್ದೇಶಕಿ ನನ್ನ ತಂಗಿ.

"ಸಹಿ ಹಾಕ್ಬೇಡ ಕಣೇ" ಎಂದೆ.

"ಹಾಕಿ ಆಯ್ತಲ್ಲಣ್ಣ. ನೀನು ಹಾಕಿದ್ದನ್ನ ನೋಡೇ ಹಾಕಿದ್ದು."

ಆ ಅರ್ಜಿ ಈಗ ತಮ್ಮ ಮೇಜಿನ ಮೇಲಿದೆ. ಮುದ್ರೆ ಒತ್ತುವ ಮೊದಲು ಅದನ್ನು ತಿರಸ್ಕರಿಸಿ. ಕಾರ್ಖಾನೆಗೆ ಬಂದು ಹುಕುಂ ಯಾರದೆಂದು ಬಾಗಿಲ ಕಾವಲುಗಾರನನ್ನೇ ಕೇಳಿ, ಅವನು ಬೆರಳು ತೋರಿಸಿದವನನ್ನು ಅನರ್ಹಗೊಳಿಸಿ. ಸಾಕ್ಷಿ ಹೇಳಲು ನಾನು ಬರುತ್ತೇನೆ. ತಂಗಿ ಮಾತು ಬಿಟ್ಟರೆ ಬಿಡಲಿ.

ಇಂತಿ,
ಮನೆಯವರನ್ನು ನಂಬಿದ ತಪ್ಪಿಗೆ ಕಾನೂನಿನಲ್ಲಿ ಶಿಕ್ಷೆ ಇಲ್ಲದ್ದರಿಂದ ಐದೇ ವರ್ಷಕ್ಕೆ ಪಾರಾದ ಒಬ್ಬ ಅಣ್ಣ