ಗಂಟಲು ಕಟ್ಟಿದ ದಿನದ ಪ್ರಾರ್ಥನೆ

ಜುಲೈ ೯, ಬುಧವಾರ

ಗಂಟಲು ಇನ್ನೂ ಬಿಟ್ಟಿಲ್ಲ. ಬಸ್ ನಿಲ್ದಾಣದಲ್ಲಿ ದಿನವಿಡೀ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವ ನನಗೆ, ಒಂದು ವಾರ ಪಿಸುಮಾತೂ ಆಡಬಾರದೆಂದು ಡಾಕ್ಟರು ಹೇಳಿದ್ದಾರೆ. ದನಿ ಮರಳದಿದ್ದರೆ ಕೆಲಸದ ಗತಿ ಏನೆಂಬ ಭಯ ಬೆಳಗಿನಿಂದ ಎದೆಯಲ್ಲಿ ಕೂತಿತ್ತು. ಹೆಂಡತಿಗೂ ತಿಳಿಸಿರಲಿಲ್ಲ.

ಸಂಜೆ ಮನೆಯ ಪ್ರಾರ್ಥನೆಗೆ ಕೂತೆವು. ಪ್ರಾರ್ಥಿಸುವುದು ಯಾವಾಗಲೂ ನಾನೇ. ಚರ್ಚಿನ ಸಭೆಯಲ್ಲೂ ನನ್ನ ಪ್ರಾರ್ಥನೆಯ ಉದ್ದಕ್ಕೆ ಹೆಸರಿದೆ. ಇವತ್ತು ಬಾಯಿ ತೆರೆಯಹೋದರೆ ಇವಳು ಕಣ್ಣು ಬಿಟ್ಟು ಗದರಿದಳು.

“ಸುಮ್ನೆ ಕೂತ್ಕೊಳ್ರೀ. ಇಷ್ಟು ವರ್ಷ ನೀವೇ ಮಾತಾಡಿದ್ದೀರಿ. ಇವತ್ತಾದ್ರೂ ಯೇಸಪ್ಪನಿಗೆ ಒಂದು ಅವಕಾಶ ಕೊಡಿ.”

ನಗು ಬಂತು, ನಗಲೂ ಗಂಟಲು ನೋವು. ಸುಮ್ಮನೆ ಕೂತೆ. ಮೊದಮೊದಲು ತಲೆಯೊಳಗೆ ಬಸ್ಸುಗಳೇ ಓಡಿದವು. ಆಮೇಲೆ ಅವೂ ನಿಂತವು. ಆಗ ಅನ್ನಿಸಿತು, ಆತನು ಇಲ್ಲೇ, ನನ್ನ ಪಕ್ಕದಲ್ಲೇ ಇದ್ದಾನೆ. ನಾನು ಯಾರಿಗೂ ಹೇಳದ ಭಯ ಆತನಿಗೆ ಗೊತ್ತು. ದನಿಯೇನೂ ಕೇಳಿಸಲಿಲ್ಲ. ಆದರೂ ಎದೆ ಹಗುರವಾಯಿತು. ಆತನ ಬಗ್ಗೆ ಎಷ್ಟೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆತನ ಜೊತೆ ಹೀಗೆ ಕೂತದ್ದು ಇದೇ ಮೊದಲು.

ಕಣ್ಣು ತೆರೆದಾಗ ಇವಳು ನನ್ನನ್ನೇ ನೋಡುತ್ತಿದ್ದಳು. “ಏನಂದ ಯೇಸಪ್ಪ?”

ಗಂಟಲು ಮುಟ್ಟಿ, ಎದೆ ಮುಟ್ಟಿ, ಭಯವಾಗಿತ್ತೆಂದು ಸನ್ನೆಯಲ್ಲೇ ಹೇಳಿದೆ.

“ಕೆಲಸದ ಭಯ ತಾನೇ? ನಂಗೆ ಬೆಳಗ್ಗೇನೇ ಗೊತ್ತಾಯ್ತು,” ಎಂದು ಕೈ ಹಿಡಿದುಕೊಂಡಳು.

ಅಂತೂ ಆತನಿಗೂ ಇವಳಿಗೂ ಗೊತ್ತಿತ್ತು. ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಪೆದ್ದ ನಾನೊಬ್ಬನೇ!

ನಿದ್ದೆ ಎಳೆಯುತ್ತಿದೆ. ನಾಳೆ ಬೇಗ ಎದ್ದು ಮತ್ತೆ ಹಾಗೆಯೇ ಕೂರಬೇಕು. ಕೇಳಿಕೊಳ್ಳುವುದಕ್ಕೆ ಏನೂ ಇಲ್ಲ, ಸುಮ್ಮನೆ ಆತನ ಜೊತೆ…