ಯಾರೂ ಕೈ ಎತ್ತದ ಮೂವತ್ತು ದಿನ

1999 ಜುಲೈ 28, ಬೆಳಿಗ್ಗೆ 10
ಇವತ್ತೂ ಅಮೆರಿಕದ ಮಗಳ ಊರು ಸ್ಯಾನ್ ಮಟಿಯೋದ ಲೈಬ್ರರಿ. ಪಕ್ಕದಲ್ಲಿ ಡಿಕ್ಷನರಿ, ಮುಂದೆ ಪೇಪರು. ಮೂಲೆಯಲ್ಲೊಂದು ಸಣ್ಣ ಸುದ್ದಿ — ತಂಗಿ ಸುಗುಣಾ ನರ್ಸ್ ಆಗಿರುವ ದೇಶದ ಸರ್ಕಾರಕ್ಕೆ ಅಮೆರಿಕ ರಾಕೆಟ್ ಮಾರಲಿದೆಯಂತೆ. ಆ ದೇಶದ ಹೆಸರು ಇಲ್ಲಿ ಬರೆಯಲೂ ಭಯ. ಅವಳ ಆಸ್ಪತ್ರೆ ಇರುವ ಬೆಟ್ಟದ ಮೇಲೆಯೇ ಬಂಡುಕೋರರನ್ನು ಹುಡುಕಿ ಸರ್ಕಾರದ ಹೆಲಿಕಾಪ್ಟರುಗಳು ಸುತ್ತುವುದು. ಸೋಮವಾರ ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿಯ ಪಾರ್ಲಿಮೆಂಟಿಗೆ, ತಿಳಿಸಿದ್ದಾರೆ. ಅವರು ತೀರ್ಮಾನಿಸಲು ಮೂವತ್ತು ದಿನದ ಗಡುವು.

ಜುಲೈ 31
ಅಳಿಯ ಯತೀಶ್ ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡಿಕೊಟ್ಟರು. ಇಲ್ಲಿಯ ಎಂ.ಪಿ.ಯಂತಿರುವ ನಮ್ಮ ಕಾಂಗ್ರೆಸ್‌ಮನ್ನಿಗೆ, ರಾಕೆಟ್ ಮಾರಬೇಡಿ ಎಂದು.
"ಮಾವ, ಇಷ್ಟು ಕೈ ಮುಗಿಯೋದೆಲ್ಲ ಬೇಡ. ಓಟು ಕೇಳೋರು ಅವ್ರು."
"ನಿಮಗೆ ಓಟುಂಟಾ?"
"ಗ್ರೀನ್ ಕಾರ್ಡೇ ಬಂದಿಲ್ವಲ್ಲ!"
ಇಬ್ಬರೂ ನಕ್ಕೆವು. ಪೋಸ್ಟಿಗೆ ಹಾಕಿದೆ.

ಆಗಸ್ಟ್ 7
ಕಾಂಗ್ರೆಸ್ಸಿಗೆ ಸೆಪ್ಟೆಂಬರ್‌ವರೆಗೆ ರಜೆ! ಮನಸ್ಸು ಹಗುರ. ಊರಿನ ಮೀನುಗಾರರ ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಠರಾವು ಬರೆದವನು ನಾನು. ಸಭೆ ಕೂರದೆ, ಯಾರೂ ಕೈ ಎತ್ತದೆ ಯಾವುದು ಪಾಸಾದೀತು? ಗಡುವು ತಾನಾಗಿ ಕಳೆಯುತ್ತದೆ...
ಸುಗುಣಾಳ ಫೋನು. ಆಸ್ಪತ್ರೆಯವರನ್ನು ಕರೆದೊಯ್ಯುವ ಕೊನೆಯ ವ್ಯಾನು ನಾಳೆ ಬೆಟ್ಟ ಇಳಿಯುತ್ತದಂತೆ.
"ಅಣ್ಣ, ಎಂತ ಮಾಡ್ಲಿ? ಹೆರಿಗೆಗೆ ಬಂದವ್ರನ್ನು ಬಿಟ್ಟು ಹೋಗುದು ಹೇಗೆ?"
"ಹೆದರ್ಬೇಡ ಮಾರಾಯ್ತಿ. ರಾಕೆಟ್ ಬರುದಿಲ್ಲ. ಅಲ್ಲೇ ಇರು."
"ನೀನು ಹೇಳಿದ್ಮೇಲೆ ಆಯ್ತು."

ಆಗಸ್ಟ್ 12
ಮಗಳು ದೀಪ್ತಿಯ ಜೊತೆ ಕಾಂಗ್ರೆಸ್‌ಮನ್ ಆಫೀಸಿಗೆ. ಥ್ಯಾಂಕ್ಸ್ ಹೇಳಲು. ಅಲ್ಲಿದ್ದ ಹೆಂಗಸು ಏನೋ ಹೇಳಿದಳು. ದೀಪ್ತಿ ಎರಡು ಸಲ ಕೇಳಿದಳು. ನನ್ನ ಕಡೆ ತಿರುಗಿದಳು.
"ಅಪ್ಪ, ಮಾರೋಕೆ ಓಟು ಬೇಡ್ವಂತೆ. ತಡೆಯೋಕೇ ಓಟು ಬೇಕಂತೆ, ಎರಡೂ ಸದನದಲ್ಲಿ. ಯಾರೂ ಏನೂ ಮಾಡ್ದಿದ್ರೆ ಸೇಲ್ ಆಗೇ ಹೋಗುತ್ತೆ."
"ರಜೆಯ ದಿನಗಳು?"
"ಅವೂ ಮೂವತ್ತರಲ್ಲೇ ಸೇರುತ್ವಂತೆ."
ಆ ಹೆಂಗಸು ನೀರು ತಂದುಕೊಟ್ಟಳು. ಪತ್ರ ಚೆನ್ನಾಗಿದೆ, ಫೈಲಿನಲ್ಲಿದೆ ಎಂದಳು. ಒಳ್ಳೆಯವಳು.

ಆಗಸ್ಟ್ 19
ಏಳು ದಿನ. ಬೆಟ್ಟಕ್ಕೆ ಒಂದು ಕರೆಯೂ ಹೋಗಲಿಲ್ಲ. ಕೂಡಲೇ ಬೆಟ್ಟ ಇಳಿ ಎಂದು ಕಾಗದ ಬರೆದಿದ್ದೇನೆ — ಯಾವಾಗ ಮುಟ್ಟುತ್ತದೋ.

ಆಗಸ್ಟ್ 25, ಸಂಜೆ 6
ಮೂವತ್ತನೆಯ ದಿನ. ಲೈಬ್ರರಿಗೆ ಹೋಗಲಿಲ್ಲ. ಈಗಷ್ಟೇ ಲೈನು ಸಿಕ್ಕಿತ್ತು.
"ಅಣ್ಣ! ಇಲ್ಲಿ ಎಲ್ರಿಗೂ ಹೇಳಿದ್ದೇನೆ, ನಮ್ಮಣ್ಣ ಅಮೆರಿಕದಲ್ಲಿ ಕೂತು ನಿಲ್ಲಿಸಿದ ಅಂತ. ಡಾಕ್ಟ್ರೂ ಹೋಗ್ಲಿಲ್ಲ, ಉಳ್ಕೊಂಡ್ರು."
ಕೆಳಗಿಳಿಯಲು ದಾರಿ ಉಂಟಾ ಎಂದೆ.
"ಸೇತುವೆ ಒಡೆದು ಹಾಕಿದ್ದಾರೆ. ಯಾಕೆ ಕೇಳ್ತಿ?"